ಕೊರತೆಯನ್ನು ಸಾಕಿದ ಕಾಯಿದೆ

ಆಪತ್ಕಾಲಕ್ಕೆಂದು ವಿಧಿಸಿದ ನಿರ್ಬಂಧವು ಆಪತ್ತು ಕಳೆದ ಮೇಲೂ ಉಳಿದುಕೊಂಡರೆ, ಯಾವ ಕೊರತೆಯನ್ನು ನೀಗಿಸಲೆಂದು ಅದು ಹುಟ್ಟಿತೋ ಆ ಕೊರತೆಯನ್ನು ನಿಜವಾಗಿಯೂ ನೀಗಿಸಿತೆ ಎಂದು ಕೇಳುವ ಹಕ್ಕು ಪ್ರಜೆಗಳಿಗುಂಟು. ಭಾರತದ ವಿದೇಶೀ ವಿನಿಮಯ ಮತ್ತು ವ್ಯಾಪಾರ ನಿಯಂತ್ರಣದ ಇತಿಹಾಸವನ್ನು ಒರೆಗೆ ಹಚ್ಚಬೇಕಾದುದು ಈ ಪ್ರಶ್ನೆಯಿಂದಲೇ.

1939ರ ಸೆಪ್ಟೆಂಬರಿನಲ್ಲಿ ಮಹಾಯುದ್ಧವು ಮೊದಲಾದೊಡನೆ ಭಾರತ ರಕ್ಷಣಾ ನಿಯಮಗಳ ಮೂಲಕ ಜಾರಿಗೆ ಬಂದ ವಿನಿಮಯ ನಿಯಂತ್ರಣವು ಬ್ರಿಟನ್ನಿನ ಸಮರವೆಚ್ಚಕ್ಕಾಗಿ ಡಾಲರುಗಳನ್ನು ಕೂಡಿಡುವ ಉಪಾಯವಾಗಿದ್ದಿತು. 1947ರ ವಿದೇಶೀ ವಿನಿಮಯ ನಿಯಂತ್ರಣ ಕಾಯಿದೆಯು ಅದನ್ನು ಶಾಂತಿಕಾಲಕ್ಕೂ ಮುಂದುವರಿಸಿತು. ಯುದ್ಧಾನಂತರ ನಮ್ಮ ಲೆಕ್ಕದಲ್ಲಿದ್ದ ಸ್ಟರ್ಲಿಂಗ್ ನಿಧಿಯು ಕರಗುತ್ತ ಬಂದು, ಎರಡನೆಯ ಪಂಚವಾರ್ಷಿಕ ಯೋಜನೆಯ ಬೃಹತ್ ಯಂತ್ರಗಳ ಆಮದಿನಿಂದ 1957ರ ವೇಳೆಗೆ ಬೊಕ್ಕಸವು ಬರಿದಾಗತೊಡಗಿದಾಗ, ವಿಲಾಸವಸ್ತುಗಳಿಗಿಂತ ಧಾನ್ಯಕ್ಕೂ ಯಂತ್ರಕ್ಕೂ ಔಷಧಕ್ಕೂ ಮೊದಲ ಮಣೆ ಹಾಕಿದುದು ವಿವೇಕವೇ ಸರಿ. ಆದರೆ ಅಂದಿನ ದಕ್ಷಿಣ ಕನ್ನಡ ಮೂಲದ ಅರ್ಥಶಾಸ್ತ್ರಜ್ಞ ಬಿ. ಆರ್. ಶೆಣೈ ಅವರು 1955ರಲ್ಲಿಯೇ ಆ ಯೋಜನೆಯ ಕುರಿತ ತಮ್ಮ ಭಿನ್ನಮತದ ಟಿಪ್ಪಣಿಯಲ್ಲಿ, ಇರುವ ಸಂಪನ್ಮೂಲವನ್ನು ಮೀರಿದ ಯೋಜನೆಯನ್ನೂ ಅದರ ಬೆನ್ನಿಗೆ ಬರುವ ನಿಯಂತ್ರಣಗಳನ್ನೂ ವಿರೋಧಿಸಿದ್ದರು. ಆ ಮಾತಿಗೆ ಮನ್ನಣೆ ದೊರೆಯಲಿಲ್ಲ.

ಈ ವ್ಯವಸ್ಥೆಯ ದೋಷವನ್ನು ಅದರ ನಿತ್ಯದ ನಡೆಯಲ್ಲಿ ಕಾಣಬೇಕು. ಸಣ್ಣ ಕಾರ್ಖಾನೆಯೊಂದರ ಒಡೆಯನಿಗೆ ಪರದೇಶದ ಬಿಡಿಭಾಗವೊಂದು ಬೇಕಾಯಿತೆನ್ನೋಣ. ಅದು ತನಗೆ ಅತ್ಯಗತ್ಯವೆಂದು ಒಂದು ಇಲಾಖೆಗೂ, ಅಂಥದು ಸ್ವದೇಶದಲ್ಲಿ ತಯಾರಾಗುವುದಿಲ್ಲವೆಂದು ಮತ್ತೊಂದು ಇಲಾಖೆಗೂ ಅವನು ಮನದಟ್ಟು ಮಾಡಬೇಕಾಗಿತ್ತು. ಸ್ವದೇಶದ ಸರಕಿನ ಬೆಲೆ ಎಷ್ಟು, ಗುಣವೇನು, ಎಂದಿಗೆ ಕೈಸೇರುತ್ತದೆ ಎಂಬುದು ಅಲ್ಲಿ ಗೌಣವಾಗಿತ್ತು. ಕೊನೆಗೆ ದೊರೆತ ಆಮದು ಲೈಸೆನ್ಸು ಅವನೊಬ್ಬನ ಬಳಕೆಗೆ ಮಾತ್ರ ಸಲ್ಲುವಂಥದಾಗಿತ್ತು. ತನ್ನಲ್ಲಿ ಮಿಕ್ಕಿದ ಸಾಮಗ್ರಿಯನ್ನು ಅದಿಲ್ಲದೆ ಕೆಲಸ ನಿಲ್ಲಿಸಿ ಕುಳಿತ ನೆರೆಯವನಿಗೆ ಮಾರಿದರೆ ಅಪರಾಧವಾಗುತ್ತಿತ್ತು. ಹೀಗೆ ಕೌಶಲಕ್ಕಿಂತ ಕಚೇರಿಯ ಪರಿಚಯವೇ ಲಾಭದ ಮೂಲವಾದ ಮೇಲೆ, ಉದ್ಯಮಿಯು ತನ್ನ ಬುದ್ಧಿಯನ್ನು ದೆಹಲಿಯ ಮೆಟ್ಟಿಲುಗಳಲ್ಲಿಯೇ ಸವೆಸಿದುದರಲ್ಲಿ ಆಶ್ಚರ್ಯವಿಲ್ಲ.

ನಿಯಂತ್ರಣದ ಆಸರೆಯಲ್ಲಿ ಸ್ವದೇಶೀ ಕೈಗಾರಿಕೆ ಬೆಳೆಯಿತೆಂಬುದನ್ನು ಅಲ್ಲಗಳೆಯಲಾಗದು. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಬೆಂಗಳೂರಿನ ಎಚ್‌ಎಂಟಿ ಗಡಿಯಾರ ತಯಾರಿಕೆಗೆ ಇಳಿದುದು ಅದಕ್ಕೆ ಉಜ್ಜ್ವಲ ನಿದರ್ಶನ. ಆದರೆ ಮನೆಯ ಮಾರುಕಟ್ಟೆಯೇ ಭದ್ರವಾಗಿರುವಾಗ ಹೊರಗೆ ಮಾರುವ ಹಂಬಲ ಯಾರಿಗೆ ಹುಟ್ಟೀತು? ಸ್ವಾತಂತ್ರ್ಯದ ಹೊತ್ತಿಗೆ ಜಗತ್ತಿನ ರಫ್ತಿನಲ್ಲಿ ಶತಕಡಾ 2ರಷ್ಟಿದ್ದ ನಮ್ಮ ಪಾಲು 1980ರ ಸುಮಾರಿಗೆ ಶತಕಡಾ ಅರ್ಧದ ಆಸುಪಾಸಿಗೆ ಕುಸಿಯಿತು. ವೆಚ್ಚಕ್ಕೆ ಕಾವಲಿಟ್ಟ ಕಾಯಿದೆಯು ಗಳಿಕೆಯ ದಾರಿಯನ್ನೇ ಕಿರಿದುಗೊಳಿಸಿ, ತಾನು ನೀಗಿಸಬೇಕಾದ ಕೊರತೆಯನ್ನು ತಾನೇ ಸಾಕಿತು.

ಫಲ ಕಾಣದಾದಾಗ ಹೆಚ್ಚಿದುದು ದಂಡನೆ. 1973ರ ವಿದೇಶೀ ವಿನಿಮಯ ನಿಯಂತ್ರಣ ಕಾಯಿದೆಯು ಆರೋಪಿಯ ಮನಸ್ಸಿನಲ್ಲಿ ದುರುದ್ದೇಶವಿತ್ತೆಂದೇ ಭಾವಿಸಿ, ಇರಲಿಲ್ಲವೆಂದು ಸಾಧಿಸುವ ಹೊಣೆಯನ್ನು ಅವನ ಮೇಲೆಯೇ ಹೊರಿಸಿತು. ಇಷ್ಟಾದರೂ ಹವಾಲಾ ನಿಲ್ಲಲಿಲ್ಲ, ಚಿನ್ನದ ಕಳ್ಳಸಾಗಣೆಯೂ ನಿಲ್ಲಲಿಲ್ಲ. ಕೊನೆಗೆ 1991ರಲ್ಲಿ ವಿದೇಶೀ ವಿನಿಮಯ ಸಾಲದೆ ದೇಶವು ತನ್ನ ಚಿನ್ನವನ್ನೇ ಹೊರನಾಡಿಗೆ ಸಾಗಿಸಿ ಒತ್ತೆಯಿಡಬೇಕಾಯಿತು. ನಾಲ್ಕು ದಶಕಗಳ ಬಿಗಿ ಕಾವಲಿಗೆ ಇದಕ್ಕಿಂತ ಕಠೋರವಾದ ವಿಮರ್ಶೆ ಬೇರಿಲ್ಲ.

1994ರಲ್ಲಿ ಚಾಲ್ತಿ ಖಾತೆಯ ವ್ಯವಹಾರಗಳಿಗೆ ರೂಪಾಯಿಯ ಪರಿವರ್ತನೆ ಮುಕ್ತವಾಯಿತು. 2000ದ ಜೂನ್ 1ರಿಂದ ಜಾರಿಗೆ ಬಂದ ಹೊಸ ವಿದೇಶೀ ವಿನಿಮಯ ಕಾಯಿದೆಯು ಉಲ್ಲಂಘನೆಯನ್ನು ಮುಖ್ಯವಾಗಿ ದಂಡ ತೆತ್ತು ತೀರಿಸುವ ಸಿವಿಲ್ ತಪ್ಪಾಗಿ ಪರಿಗಣಿಸಿತು. ಬಂಡವಾಳದ ಚಲನೆಯ ಮೇಲೆ ಇಂದಿಗೂ ಉಳಿದಿರುವ ಅಂಕೆಯನ್ನು ನಾನು ಆಕ್ಷೇಪಿಸಲಾರೆ. ಹಠಾತ್ತನೆ ಒಳನುಗ್ಗಿ ಹಠಾತ್ತನೆ ಹೊರಟುಹೋಗುವ ಹಣವು 1997ರಲ್ಲಿ ಪೂರ್ವ ಏಷ್ಯದ ದೇಶಗಳನ್ನು ಹೇಗೆ ಅಲುಗಿಸಿತೆಂಬುದನ್ನು ಜಗತ್ತು ಕಂಡಿದೆ. ಆದರೆ ಅಂಥ ಪ್ರತಿಯೊಂದು ಅಂಕೆಗೂ ನಿಶ್ಚಿತವಾದ ಅವಧಿ ಇರಬೇಕು, ಅವಧಿ ತೀರಿದಾಗ ಅದರ ಫಲವನ್ನು ಸಂಸತ್ತು ಬಹಿರಂಗವಾಗಿ ಪರಿಶೀಲಿಸಬೇಕು, ಕೊರತೆಯು ಹಿಂಗದೆ ಬೆಳೆದಿದ್ದರೆ ಶಿಕ್ಷೆಯನ್ನು ಬಿಗಿಗೊಳಿಸುವ ಮೊದಲು ಕಾಯಿದೆಯನ್ನೇ ಶಂಕಿಸಬೇಕು.