ಜೀವಶಾಸ್ತ್ರದ ಪಠ್ಯಕ್ರಮವೂ ‘ಹಸುರು ಹೊನ್ನೂ’

1857ರಲ್ಲಿ ಸ್ಥಾಪಿತವಾದ ಮುಂಬಯಿ ವಿಶ್ವವಿದ್ಯಾನಿಲಯದ ಕಾಲೇಜುಗಳಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರಗಳನ್ನು ಪದವಿಗಾಗಿ ಓದುವ ಕನ್ನಡ ಮನೆಗಳ ಮಕ್ಕಳು ಶಾಸ್ತ್ರವನ್ನು ಕಲಿಯುವುದು ಇಂಗ್ಲಿಷಿನಲ್ಲಿ. ಮನೆಯ ಮಾತಿಗೂ ಶಾಸ್ತ್ರದ ಮಾತಿಗೂ ನಡುವೆ ಉಳಿದಿರುವ ಈ ಅಂತರವನ್ನು ನೆನೆದು ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಗ್ರಂಥವನ್ನು ಪರಿಶೀಲಿಸುವುದು ಉಚಿತ.

1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಗೆ ಪಾತ್ರವಾದ ಈ ಕೃತಿಯನ್ನು ರಸಿಕರು ಪ್ರವಾಸಕಥನವೆಂದೂ ಹಾಸ್ಯಸಾಹಿತ್ಯವೆಂದೂ ಮೆಚ್ಚಿದ್ದಾರೆ. ಆದರೆ ಇದರ ಬೆನ್ನೆಲುಬು ಬೋಧನಕ್ರಮವೇ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಅಧ್ಯಾಪಕರು ಶಿಷ್ಯರೊಡನೆ ಪಶ್ಚಿಮ ಘಟ್ಟದ ಕಾಡುಗಳಲ್ಲಿ ಅಲೆಯುತ್ತಾರೆ. ಗಿಡವು ಮೊದಲು ಕಣ್ಣಿಗೆ ಬೀಳುತ್ತದೆ. ಹೆಸರು, ಲಕ್ಷಣ, ಉಪಯೋಗಗಳ ಮಾತು ಅನಂತರ. ಪಠ್ಯಪುಸ್ತಕದಲ್ಲಿ ಈ ಕ್ರಮ ತಲೆಕೆಳಗು. ಲೇಖಕರೇ ಬರೆದ ರೇಖಾಚಿತ್ರಗಳೂ ನೋಟವನ್ನು ತಿದ್ದುವ ಪಾಠಗಳೇ.

ಕೊರತೆಯನ್ನೂ ಹೇಳಬೇಕು. ಸಸ್ಯಕುಟುಂಬಗಳ ಕ್ರಮಬದ್ಧ ನಿರೂಪಣೆಯನ್ನು ಬಯಸುವವನಿಗೆ ಇದು ಸಾಲದು. ಕೆಲವೆಡೆ ವಿನೋದವು ಗಿಡವನ್ನೇ ಮರೆಸುತ್ತದೆ. ಆದುದರಿಂದ ಇದು ಪಠ್ಯದ ಸ್ಥಾನದಲ್ಲಿ ನಿಲ್ಲಲಾರದು; ಅದರ ಮಗ್ಗುಲಲ್ಲಿ ಇರತಕ್ಕದ್ದು.

ಮುಂಬಯಿಗೆ ಇದರ ಅಗತ್ಯ ವಿಶೇಷವಾದುದು. ಬೋರಿವಲಿಯ ರಾಷ್ಟ್ರೀಯ ಉದ್ಯಾನದ ಗುಡ್ಡಗಳಲ್ಲಿ ಕಾರ್ವಿಯು 8 ವರ್ಷಗಳಿಗೊಮ್ಮೆ ಒಟ್ಟಾಗಿ ಹೂಬಿಡುತ್ತದೆ. ಮೂರು ನಾಲ್ಕು ವರ್ಷಗಳ ವ್ಯಾಸಂಗದಲ್ಲಿ ಆ ಹೂವನ್ನು ಕಾಣದೆಯೇ ಪದವೀಧರರಾಗುವವರು ಎಷ್ಟೋ ಮಂದಿ. ಪರೀಕ್ಷೆಯ ಕಾಲಕ್ಕಾಗಿ ಗಿಡ ಕಾಯುವುದಿಲ್ಲ. ನೋಡುವ ಅಭ್ಯಾಸವು ಪದವಿಯ ಅವಧಿಯನ್ನು ಮೀರಿ ಬಾಳಿದರೆ ಮಾತ್ರ ಆ ದರ್ಶನ ದೊರೆತೀತು. ಆ ಅಭ್ಯಾಸವನ್ನು ಕನ್ನಡದಲ್ಲಿಯೇ ಕಲಿಸಿದುದು ‘ಹಸುರು ಹೊನ್ನಿ’ನ ಹಿರಿಮೆ.