ಮೆದೆಗೆ ಬೇಕಾದ ಕುಡುಗೋಲು

ಕುಡುಗೋಲಿಗೆ ಕಕ್ಕು ಹಾಕಿಸುವ ಬಗ್ಗೆ ಬರೆಯುತ್ತೇನೆಂದು ಕಳೆದ ವಾರ ಹೇಳಿದ್ದೆ. ಹಾಸನ, ತುಮಕೂರಿನ ಕಡೆ ರಾಗಿ ಕುಯ್ಲು ಶುರುವಾಗಿದೆ, ಹೊತ್ತೂ ಸರಿಯಾಗಿದೆ. ನನ್ನ ಪಕ್ಷ ಯಾವುದೆಂದು ಹಳೆಯ ಓದುಗರಿಗೆ ಗೊತ್ತು: ಕುಲುಮೆಯಲ್ಲಿ ತಟ್ಟಿಸಿ ಹದ ಹಾಕಿಸಿದ ಕುಡುಗೋಲಿನ ಮುಂದೆ ಅಂಗಡಿಯ ತಗಡಿನದು ನಿಲ್ಲುವುದಿಲ್ಲ.

ಕೈ ಪಳಗಿದ ಹೆಂಗಸು ಕುಯ್ಯುವುದನ್ನು ನೋಡಿ. ಎಡಗೈ ಪೈರಿನ ಬುಡ ಹಿಡಿಯುತ್ತದೆ, ಬಲಗೈ ನೆಲಕ್ಕೆ ನಾಲ್ಕು ಬೆರಳಿನಷ್ಟು ಮೇಲೆ ಕುಡುಗೋಲನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಕುಡುಗೋಲು ಮೊಂಡಾಗಿದ್ದರೆ ಬುಡವೇ ಕಿತ್ತು ಬರುತ್ತದೆ. ಆ ಬೇರಿನ ಮಣ್ಣು ಕಾಳಿಗೆ ಸೇರಿದರೆ ಮುದ್ದೆ ಬಾಯಲ್ಲಿ ಕರಕರ ಎನ್ನುತ್ತದೆ.

ಕಟಾವು ಯಂತ್ರದವರೊಡನೆ ನನ್ನ ಜಗಳ ಹಳೆಯದು. ಆಳು ಸಿಗುವುದಿಲ್ಲ ಎಂಬ ಅವರ ಮಾತು ನಿಜ. ಆದರೆ ಅವರ ಲೆಕ್ಕದಲ್ಲಿ ಕಾಳು ಮಾತ್ರ ಇದೆ. ಯಂತ್ರ ಎತ್ತರದಲ್ಲಿ ಕತ್ತರಿಸಿ ಬುಡದ ಹುಲ್ಲನ್ನು ಹೊಲದಲ್ಲೇ ಬಿಡುತ್ತದೆ, ಉಳಿದದ್ದನ್ನು ನುರಿದು ಚೆಲ್ಲುತ್ತದೆ. ಹಸು ಕಟ್ಟಿದ ಮನೆಗೆ ಹುಲ್ಲೂ ಬೆಳೆಯೇ. ಟಾರು ರಸ್ತೆಯಲ್ಲಿ ರಾಗಿ ಹರಡಿ ಲಾರಿ ಹತ್ತಿಸುವವರ ಬಗ್ಗೆಯಂತೂ ನನಗೆ ಸಿಟ್ಟೇ ಇದೆ. ತೆನೆಗೂ ಕೇಡು, ಬೈಕಿನಲ್ಲಿ ಬರುವವನಿಗೂ ಕೇಡು.

ಯಂತ್ರದಿಂದ ನಾವು ಕಳೆದುಕೊಳ್ಳುವ ಇನ್ನೊಂದು ಎಂದರೆ ಮೆದೆ. ಅದನ್ನು ನೆನೆದರೆ ಕಕ್ಕಿನ ವಿಚಾರ ಇನ್ನೊಂದು ವಾರ ಕಾಯಲಿ ಅನ್ನಿಸುತ್ತದೆ. ಕುಯ್ದ ಅರಿ ಹೊಲದಲ್ಲೇ ಒಣಗಬೇಕು. ಬೆಳಗಿನ ಮಂಜಿಗೆ ಹುಲ್ಲು ಮೆತ್ತಗಿರುವಾಗ ಸಿವುಡು ಕಟ್ಟಬೇಕು, ಬಿಸಿಲೇರಿದ ಮೇಲೆ ಕಟ್ಟಿದರೆ ತೆನೆ ಮುರಿದು ಬೀಳುತ್ತದೆ. ತೆನೆ ಒಳಗೆ, ಬುಡ ಹೊರಗೆ ಬರುವಂತೆ ಒಟ್ಟಿದರೆ ಮಳೆ ಹನಿದರೂ ಕಾಳಿಗೆ ತಾಗದು. ಮೆದೆಯಲ್ಲಿ ಮಾಗಿದ ತೆನೆಯಿಂದ ರೋಣಗಲ್ಲಿಗೆ ಕಾಳು ಸಲೀಸಾಗಿ ಬಿಡುತ್ತದೆ.

ಮೆದೆಯ ಮುಂದೆ ನಿಂತಾಗಲೆಲ್ಲ ನನಗೆ ಕನಕದಾಸರ ‘ರಾಮಧಾನ್ಯ ಚರಿತೆ’ ನೆನಪಾಗುತ್ತದೆ. ಶ್ರೀರಾಮನ ಎದುರಿಗೆ ಭತ್ತಕ್ಕೂ ನರೆದಲೆಗನಿಗೂ, ಅಂದರೆ ನಮ್ಮ ರಾಗಿಗೂ, ವ್ಯಾಜ್ಯ ಬೀಳುತ್ತದೆ. ಭತ್ತ ತನ್ನ ಕುಲದ ಹಿರಿಮೆ ಹೇಳಿಕೊಳ್ಳುತ್ತದೆ. ನೀನು ಉಳ್ಳವರ ಕಡೆಯವನು, ಮಳೆ ಹೋಗಿ ಬರ ಬಿದ್ದಾಗ ಜನರ ಜೀವ ಉಳಿಸುವವನು ನಾನು ಎಂದು ರಾಗಿ ತಿರುಗಿ ಹೇಳುತ್ತದೆ. ರಾಮ ತಕ್ಷಣ ತೀರ್ಪು ಕೊಡುವುದಿಲ್ಲ, ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಹೊರಗೆ ತಂದಾಗ ಭತ್ತ ಸೊರಗಿತ್ತು, ರಾಗಿ ಗಟ್ಟಿಯಾಗಿತ್ತು. ಮೇಲು ಕೀಳಿನ ಪ್ರಶ್ನೆಯನ್ನು ಕನಕದಾಸರು ಬಿಡಿಸಿದ್ದು ಶಾಸ್ತ್ರದಿಂದಲ್ಲ, ಕೆಡದೆ ಉಳಿಯುವ ಗುಣದಿಂದ. ಒಕ್ಕಲು ಮನೆ ಬಲ್ಲವರು ಮಾತ್ರ ಬರೆಯಬಹುದಾದ ತೀರ್ಪು ಅದು.

ಆ ಗುಣ ರೈತನ ಕೈಗೆ ಬಲ ಕೊಡುವುದು ಮೆದೆಯಿಂದ. ಯಂತ್ರದಿಂದ ಬಂದ ಹಸಿ ಕಾಳನ್ನು ಒಣಗಿಸಲು ಜಾಗವಿಲ್ಲದವನು ಸಿಕ್ಕಿದ ಬೆಲೆಗೆ ಕೊಡುತ್ತಾನೆ, ಮೆದೆ ಹಾಕಿದವನು ಬೆಲೆ ನೋಡಿಕೊಂಡು ಒಕ್ಕುತ್ತಾನೆ. ಪೂರ್ತಿ ಹೊಲ ಆಗದಿದ್ದರೆ ಹಸುವಿನ ಮೇವಿಗೆ, ಮನೆಯ ಮುದ್ದೆಗೆ ಆಗುವಷ್ಟನ್ನಾದರೂ ಮುಯ್ಯಾಳು ಕೂಡಿಸಿಕೊಂಡು ಕುಡುಗೋಲಿನಲ್ಲೇ ಕುಯ್ಯಿರಿ.