ಕುಂಡದೊಳಗಿನ ಅಣ್ಣೆಸೊಪ್ಪು

ನಮ್ಮ ಹಟ್ಟಿಯಲ್ಲಿ 'ಹವ್ಯಾಸ' ಅನ್ನುವ ಮಾತೇ ಇಲ್ಲ. ಹೊಲಿಯುವುದು, ಅಗೆಯುವುದು, ದನ ಮೇಯಿಸುವುದು ಎಲ್ಲವೂ ಕೂಲಿ. ಹಾಗಾಗಿ ಹವ್ಯಾಸದ ಪತ್ರಿಕೆಗಳು ನಮ್ಮ ಕೈಗೆ ಬಂದದ್ದು ತಡವಾಗಿ. ಕೈತೋಟದ ಒಂದು ಮಾಸಪತ್ರಿಕೆಯ ಹಳೆಯ ಸಂಚಿಕೆಗಳು ಗ್ರಂಥಾಲಯದಲ್ಲಿ ಸಿಕ್ಕವು, ಕೂತು ಓದಿದೆವು. ಅದು ಹೇಳುವ ಗೊಬ್ಬರದ ಲೆಕ್ಕ ಸರಿಯೇ ಇರಬಹುದು. ನಮ್ಮ ತಕರಾರು ಅದರ ಭಾಷೆಯ ಮೇಲೆ.

ಆ ಭಾಷೆ ಚೆಂದ, ಮೊದಲೇ ಒಪ್ಪಿಕೊಳ್ಳುತ್ತೇವೆ. 'ಸದರಿ ಬೆಳೆಯನ್ನು', 'ಶಿಫಾರಸು ಮಾಡಲಾದ ಪ್ರಮಾಣದಲ್ಲಿ' ಅನ್ನುವ ಸರ್ಕಾರಿ ಕನ್ನಡದ ಮುಂದೆ 'ಬನ್ರೀ, ಮಣ್ಣು ಮುಟ್ಟೋಣ', 'ನಮ್ಮಜ್ಜಿ ಹೇಳ್ತಿದ್ಲು' ಅನ್ನುವ ಧಾಟಿಗೆ ಜೀವ ಇದೆ. ಓದುಗರ ಪತ್ರಗಳು ಕೊಂಡಾಡುವುದೂ ಅದನ್ನೇ. ಜಗಲಿ ಮೇಲೆ ಕೂತು ಹರಟಿದ ಹಾಗಿತ್ತಂತೆ, ತವರುಮನೆ ನೆನಪಾಯಿತಂತೆ. ಇರಲಿ. ಆದರೆ ಯಾರ ಜಗಲಿ? ನಮ್ಮಪ್ಪ ಆ ಜಗಲಿಯ ಕೆಳಗೆ, ಅಂಗಳದಲ್ಲಿ ನಿಂತೇ ಮಾತಾಡಿದವನು. 'ನಾವು ನೀವು' ಎಂದು ಸಲುಗೆಯಿಂದ ಕರೆಯುವಾಗ ಆ ಅಂಗಳದಲ್ಲಿ ನಿಂತವರು ಯಾವ ಲೆಕ್ಕಕ್ಕೆ?

ಒಂದು ಸಂಚಿಕೆಯಲ್ಲಿ ಅಣ್ಣೆಸೊಪ್ಪು, ಹೊನಗೊನ್ನೆ, ಗೋಣಿಸೊಪ್ಪನ್ನು ತಾರಸಿಯ ಕುಂಡದಲ್ಲಿ ಬೆಳೆಸುವ ಬಗೆ ಇತ್ತು. ಹಳ್ಳಿ ಅಜ್ಜಿಯರ ಗುಟ್ಟು ಎಂದು ಮುದ್ದಾಗಿ ಬರೆದಿದ್ದರು. ಗುಟ್ಟೇನು ಬಂತು? ಅಣ್ಣೆಸೊಪ್ಪು ರಾಗಿ ಹೊಲದ ಕಳೆ. ಹೊನಗೊನ್ನೆ ಗದ್ದೆ ಬದುವಿನ ತೇವದಲ್ಲಿ ತಾನಾಗಿ ಹಬ್ಬುವುದು. ಕಳೆ ಕೀಳಲು ಹೋದ ಕೂಲಿ ಹೆಂಗಸರು, ಗೌಡರ ಬೆಳೆ ಮುಟ್ಟುವ ಹಾಗಿಲ್ಲ ಅಂತ, ಕಿತ್ತ ಕಳೆಯನ್ನೇ ಮಡಿಲಿಗೆ ತುಂಬಿಕೊಂಡು ಬಂದು ಬೆರಕೆಸೊಪ್ಪಿನ ಸಾರು ಕಾಯಿಸಿದರು. ನಾವು ಬೆಳೆದದ್ದು ಆ ಸಾರಿನಲ್ಲಿ. ಲೇಖನದ ಅಜ್ಜಿಗೆ ಕೈತೋಟ ಇದೆ, ಬಾವಿ ಇದೆ, ಕೂಲಿ ಇಲ್ಲ, ಹಸಿವೂ ಇಲ್ಲ. ಹಸಿವನ್ನು ಬಿಟ್ಟು ಸೊಪ್ಪಿನ ಹೆಸರನ್ನು ಮಾತ್ರ ಎತ್ತಿಕೊಂಡು ಹೋಗಿದ್ದಾರೆ.

ನಮ್ಮವ್ವನಿಗೆ ಓದಿ ಹೇಳಿದೆವು. ನಕ್ಕುಬಿಟ್ಟಳು. "ಕಳೆಗೂ ಕುಂಡ ಮಡಗವ್ರಾ, ಮಗಾ?"

ಹಳ್ಳಿ ಮಾತಿನ ಮೇಲೆ ಓದುಗರಿಗೆ ಇರುವ ಈ ಪ್ರೀತಿ ಎಲ್ಲಿಯವರೆಗೆ? 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಬೂಸಾ ಕೊಟ್ಟಿಗೆಯ ಮಾತು. ಹಸು ಸಾಕುವವರ ಅಂಕಣದಲ್ಲಿ ಬಂದರೆ ಯಾರೂ ಮೂಗು ಮುರಿಯುವುದಿಲ್ಲ. ದಲಿತ ಮಂತ್ರಿಯ ಬಾಯಲ್ಲಿ ಬಂದದ್ದೇ ತಡ ಬೀದಿಗೆ ಬೆಂಕಿ ಬಿತ್ತು, ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು, ಅವರು ಮಂತ್ರಿಗಿರಿ ಬಿಡಬೇಕಾಯಿತು. ದೇವನೂರ ಮಹಾದೇವ ಅವರ 'ಕುಸುಮಬಾಲೆ'ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದ್ದರೂ, ಆ ಭಾಷೆ ಅರ್ಥವಾಗುವುದಿಲ್ಲ ಅನ್ನುವ ದೂರು ಇವತ್ತಿಗೂ ನಿಂತಿಲ್ಲ. ಅಡುಗೆ ಅಂಕಣದಲ್ಲಿ ಬಾಯಿಗೆ ರುಚಿಯಾದ ಹಳ್ಳಿ ಮಾತು ಇಲ್ಲಿ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಬೇರೆ ದಾರಿ ಇಲ್ಲವೆಂದೇನಲ್ಲ. 1988ರಲ್ಲಿ ಪುತ್ತೂರಿನಿಂದ ಶುರುವಾದ 'ಅಡಿಕೆ ಪತ್ರಿಕೆ' ಕೃಷಿಕರ ಕೈಗೇ ಲೇಖನಿ ಕೊಡಬೇಕೆಂದು ಹೊರಟಿತು. ದುಡಿದವನೇ ಬರೆದಾಗ ಆಡುಮಾತಿಗೆ ಒಗ್ಗರಣೆ ಬೇಕಾಗುವುದಿಲ್ಲ. ಮರ ಹತ್ತಿ ಕೊನೆ ಇಳಿಸುವ ಕೂಲಿಯವನ ಕೈಗೂ ಆ ಲೇಖನಿ ಬರಲಿ ಎಂದು ಕೇಳುವುದಕ್ಕೆ ನಮಗೆ ಸಂಕೋಚವಿಲ್ಲ.

ಇನ್ನು ಆ ಕೈತೋಟದ ಪತ್ರಿಕೆಗೆ ನಾವೂ ಒಂದು ಪತ್ರ ಬರೆದೆವು. ಕಳೆ ಕೀಳುವ ಕೂಲಿಯ ಕತೆ, ಅವ್ವನ ಮಾತು, ಅವಳು ಆಡಿದ ಹಾಗೇ. ಎರಡು ತಿಂಗಳಿಗೆ ಅಚ್ಚಾಯಿತು. ಕೂಲಿಯ ಕತೆ ಹಾರಿಹೋಗಿತ್ತು. ಅವ್ವನ ಮಾತು 'ಕಳೆಗೂ ಕುಂಡ ಇಟ್ಟಿದ್ದಾರೆಯೇ ಮಗನೇ?' ಎಂದಾಗಿತ್ತು. ಎದುರು ಪುಟದಲ್ಲಿ ಅಂಕಣಕಾರರ 'ನಮ್ಮಜ್ಜಿ ಹೇಳ್ತಿದ್ಲು' ಒಂದಕ್ಷರ ಅಲುಗಾಡದೆ ಹಾಗೇ ಕೂತಿತ್ತು.

ಅವ್ವನಿಗೆ ಅದನ್ನೂ ಓದಿ ಹೇಳಿದೆವು. ಸೊಪ್ಪು ಸೋಸುತ್ತಿದ್ದವಳು ತಲೆ ಎತ್ತಿ ಕೇಳಿದಳು: "ಇದ ಯಾರ್ ಹೇಳುದ್ರು ಮಗಾ?"